ಕಲಘಟಗಿ ತೊಟ್ಟಿಲು

ಕಲಘಟಗಿ ತೊಟ್ಟಿಲು ಧಾರವಾಡ ಜಿಲ್ಲೆಯ ತಾಲ್ಲೂಕು ಕೇಂದ್ರವಾದ ಕಲಘಟಗಿಯಲ್ಲಿ ಚಿತ್ರಗಾರ ಮನೆತನದವರು ತಯಾರಿಸುವ, ಅರಗಿನ ಬಣ್ಣದ ಚಿತ್ರಗಳಿಂದ ಅಲಂಕೃತವಾದ ಮರದ ತೊಟ್ಟಿಲು. ಇಳಕಲ್ ಸೀರೆ, ನವಲಗುಂದ ಜಮಖಾನೆಗಳಂತೆ ಇದೂ ಊರ ಹೆಸರಿನಿಂದಲೇ ಗುರುತಿಸಲ್ಪಡುವ ವಸ್ತು. ಹುಬ್ಬಳ್ಳಿ-ಕಾರವಾರ ಹೆದ್ದಾರಿಯಲ್ಲಿರುವ ಈ ಪಟ್ಟಣಕ್ಕೆ ಹಳಿಯಾಳ, ಯಲ್ಲಾಪುರಗಳ ತೇಗದ ಕಾಡು ಸಮೀಪದಲ್ಲಿದೆ.

ರಚನೆ ಮತ್ತು ಅಲಂಕಾರ

ತೊಟ್ಟಿಲಿಗೆ ಸಾಮಾನ್ಯವಾಗಿ ಸಾಗವಾನಿಯನ್ನು, ಅಂದರೆ ತೇಗವನ್ನು ಬಳಸುತ್ತಾರೆ. ಆಯತಾಕಾರದ ಚೌಕಟ್ಟು, ಕಡೆದ ಗುಂಡುಗಂಬಿಗಳು, ನಡುವೆ ಚಿತ್ರ ಬರೆಯಲು ಬಿಟ್ಟ ಹಲಗೆಗಳು ಇದರ ಅಂಗಗಳು. ಬಣ್ಣ ಬೆರೆಸಿದ ಅರಗನ್ನು ಶಾಖದಿಂದ ಮೆದುಗೊಳಿಸಿ ಮರಕ್ಕೆ ಹತ್ತಿಸಿ, ಕೇದಗೆಯ ಎಲೆಯಿಂದ ಉಜ್ಜಿ ಹೊಳಪು ತರಲಾಗುತ್ತದೆ. ಈ ನೆಲೆಯ ಮೇಲೆ ಚಿತ್ರಗಳು ಮೂಡುತ್ತವೆ. ಕೃಷ್ಣನ ಬಾಲಲೀಲೆ, ರಾಮಾಯಣ, ಶಿವಪಾರ್ವತಿಯರು, ಬಸವಣ್ಣನವರ ಜೀವನ ಮುಂತಾದವುಗಳಲ್ಲಿ ಮಾಡಿಸುವವರ ಮನೆತನಕ್ಕೆ ಒಪ್ಪುವ ವಿಷಯವನ್ನು ಆರಿಸಿಕೊಳ್ಳುವುದುಂಟು. ಆದ್ದರಿಂದ ಹಳೆಯ ತೊಟ್ಟಿಲೊಂದನ್ನು ನೋಡಿದರೆ ಆ ಮನೆಯವರ ಆರಾಧ್ಯದೈವ ಯಾವುದೆಂದು ಊಹಿಸಬಹುದು.

ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿಯೂ ಮರಕ್ಕೆ ಬಣ್ಣ ಹಚ್ಚುವವರು ಚಿತ್ರಗಾರರೇ. ಆದರೆ ಅಲ್ಲಿ ಹಗುರ ಮರದ ಮೇಲೆ ಹುಣಸೆಬೀಜದ ಅಂಟಿನಿಂದ ಮಾಡಿದ ಲೇಪವನ್ನು ಕೊಟ್ಟು ಬಣ್ಣ ಬಳಿಯುತ್ತಾರೆ. ಎರಡನ್ನೂ ಒಂದೇ ಎಂದು ಬರೆಯುವುದು ಸರಿಯಲ್ಲ.

ಬಳಕೆ

ಚೊಚ್ಚಲ ಹೆರಿಗೆ ತವರಿನಲ್ಲಾಗಿ, ಬಾಣಂತಿಯು ಮಗುವಿನೊಡನೆ ಗಂಡನ ಮನೆಗೆ ಮರಳುವಾಗ ತವರಿನವರು ತೊಟ್ಟಿಲು ಕೊಟ್ಟು ಕಳುಹಿಸುವುದು ಈ ಭಾಗದ ಸಂಪ್ರದಾಯ. ಧಾರವಾಡದ ಉತ್ತರಕ್ಕೆ ಕಿತ್ತೂರು, ಬೈಲಹೊಂಗಲ, ಸವದತ್ತಿ ಸೀಮೆಗಳಲ್ಲಿಯೂ, ಕಮಲನಾರಾಯಣ ದೇವಾಲಯಕ್ಕೆ ಹೆಸರಾದ ದೇಗಾಂವದಂತಹ ಊರುಗಳಲ್ಲಿಯೂ ಈ ರೂಢಿಯೇ. ಹೆಸರಿಡುವ ದಿನ ಮಗುವಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸುವುದು, ಬರಿಯ ತೊಟ್ಟಿಲನ್ನು ತೂಗಬಾರದೆಂಬ ನಂಬಿಕೆ ಇವೆಲ್ಲ ಇದಕ್ಕೆ ಸೇರಿದವು. ಬಸವ ಜಯಂತಿಯಂದು ಬಸವಣ್ಣನವರ ಮೂರ್ತಿಯನ್ನೋ ಭಾವಚಿತ್ರವನ್ನೋ ತೊಟ್ಟಿಲಲ್ಲಿಟ್ಟು ಹೆಂಗಸರು ಜೋಗುಳ ಹಾಡುತ್ತಾರೆ. ಒಂದೇ ತೊಟ್ಟಿಲಲ್ಲಿ ತಾಯಿ, ಮಗಳು, ಮೊಮ್ಮಗಳು ಬೆಳೆದ ಮನೆಗಳಿವೆ. ನೆರೆಹೊರೆಯವರಿಗೆ ಎರವಲು ಕೊಡುವುದೂ ವಾಡಿಕೆ.

ಹೋಲಿಕೆ

ಜನಪದ ಅಲಂಕಾರದ ಮರಗೆಲಸಕ್ಕೆ ಹೊರನಾಡುಗಳಲ್ಲಿ ಪ್ರಸಿದ್ಧವಾದುದು ರಷ್ಯಾ. ಅಲ್ಲಿ ಮಾಸ್ಕೋ ಸಮೀಪದ ಅಬ್ರಾಮ್ತ್ಸೆವೊದ ಮರಗೆಲಸದ ಶಾಲೆಯಲ್ಲಿ ಚಿತ್ರಕಲಾವಿದೆ ಎಲೆನಾ ಪೊಲೆನೋವಾ 1885ರಿಂದ ರೈತರ ಮನೆಯ ಹಳೆಯ ಕೆತ್ತನೆಗಳನ್ನು ಸಂಗ್ರಹಿಸಿ, ಅವುಗಳ ಮಾದರಿಯಲ್ಲಿ ಕಪಾಟು, ಕುರ್ಚಿಗಳ ವಿನ್ಯಾಸಗಳನ್ನು ರಚಿಸಿದರು; ಹಳ್ಳಿಯ ಹುಡುಗರು ಅವನ್ನು ಕೆತ್ತಿದರು. ಅಲ್ಲಿ ವಿನ್ಯಾಸ ಮಾಡಿದ ಕೈ ಬೇರೆ, ಕೆತ್ತಿದ ಕೈ ಬೇರೆ. ಕಲಘಟಗಿಯಲ್ಲಿ ಚಿತ್ರವನ್ನು ಕಲ್ಪಿಸುವವರೂ ಬರೆಯುವವರೂ ಚಿತ್ರಗಾರರೇ. ಇದು ಈ ಕಲೆಯ ಹಿರಿಮೆ, ಜೊತೆಗೆ ದೌರ್ಬಲ್ಯವೂ ಹೌದು: ಮನೆತನದಲ್ಲಿ ಕಲಿಯುವವರಿಲ್ಲದಿದ್ದರೆ ವಿನ್ಯಾಸವೂ ಕೈಕೆಲಸವೂ ಒಟ್ಟಿಗೇ ನಿಂತುಹೋಗುತ್ತವೆ.

ಇಂದಿನ ಸ್ಥಿತಿ

ಈಗ ಕೆಲವೇ ಕುಟುಂಬದವರು ಬೇಡಿಕೆಯ ಮೇರೆಗೆ ತೊಟ್ಟಿಲು ಮಾಡಿಕೊಡುತ್ತಾರೆ. ತೇಗ ದುಬಾರಿಯಾಗಿದೆ, ಕೆಲಸ ನಿಧಾನವಾದುದು. ಹಳೆಯ ಮನೆಗಳ ತೊಲೆಗೆ ತೊಟ್ಟಿಲು ಕಟ್ಟಲು ಕೊಂಡಿಗಳಿರುತ್ತಿದ್ದವು. ಸಿಮೆಂಟಿನ ಛಾವಣಿಯ ಮನೆಗಳಲ್ಲಿ ಅವಿಲ್ಲ. ಮಡಚುವ ಕಬ್ಬಿಣದ ತೊಟ್ಟಿಲು ಅಗ್ಗವಾಗಿ ಸಿಗುತ್ತದೆ.

ಹಳೆಯ ತೊಟ್ಟಿಲುಗಳು ಹಾಳಾಗುವುದು ಹೆಚ್ಚಾಗಿ ಅಕ್ಕರೆಯಿಂದಲೇ. ಬಣ್ಣ ಮಾಸಿತೆಂದು ಅದರ ಮೇಲೆ ಎಣ್ಣೆಬಣ್ಣ ಬಳಿಸಿದರೆ ಮೂಲ ಚಿತ್ರ ಅಡಿಯಲ್ಲಿ ಉಳಿದುಹೋಗುತ್ತದೆ. ಅರಗು ಶಾಖಕ್ಕೆ ಮೆತ್ತಗಾಗುತ್ತದೆ, ಸ್ಪಿರಿಟ್‌ನಲ್ಲಿ ಕರಗುತ್ತದೆ. ಆದ್ದರಿಂದ ಇಂತಹ ತೊಟ್ಟಿಲನ್ನು ಬಿಸಿಲಿನಲ್ಲಿಡದೆ, ಸ್ಪಿರಿಟ್ ತಾಗಿಸದೆ, ಒಣಗಿದ ಮೆದುಬಟ್ಟೆಯಿಂದ ಮಾತ್ರ ಒರೆಸಬೇಕು.