ಬಿದ್ದ ಮರ ಯಾರದ್ದು?

ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಸಾಲ, ಷೇರು, ಡಿವಿಡೆಂಡಿನ ವಿಚಾರವನ್ನು ಬಲ್ಲವರು ಬರೆದೇ ಬರೆಯುತ್ತಾರೆ. ನಾನು ಬೇರೊಂದು ಆಸ್ತಿಯ ಮಾತು ತೆಗೆದಿದ್ದೇನೆ. ಅದು ಗಾಳಿಮಳೆಗೆ ಬುಡಮೇಲಾದ ದೊಡ್ಡ ಮರ. ನಿಂತ ಮರದ ಬಗ್ಗೆ ಎಲ್ಲರೂ ಬರೆದಿದ್ದಾರೆ, ಭಾಷಣ ಮಾಡಿದ್ದಾರೆ. ಬಿದ್ದ ಮರದ ಚರಿತ್ರೆ ಬರೆದವರು ಕಡಿಮೆ. ಆದರೆ ಹಳ್ಳಿಯಲ್ಲಿ ಜಗಳ ಬರುತ್ತಿದ್ದದ್ದು ಬಿದ್ದ ಮರಕ್ಕೇ ನೋಡಿ! ಕೊಂಬೆ ಯಾರಿಗೆ, ದಿಮ್ಮಿ ಯಾರಿಗೆ, ಬೊಡ್ಡೆ ಕೀಳುವ ಖರ್ಚು ಯಾರ ತಲೆಗೆ, ಇದೆಲ್ಲ ತೀರ್ಮಾನವಾಗುವ ಹೊತ್ತಿಗೆ ಎರಡು ಪಂಚಾಯ್ತಿ ಮುಗಿಯುತ್ತಿದ್ದವು.

ನಮ್ಮ ತಣಿಸಂದ್ರ 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿತು. 2025ರಲ್ಲಿ ಆ ಪಾಲಿಕೆಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು. ಹಾಗಿದ್ದರೂ ನಾವು ಮಾತಾಡುವಾಗ 'ಊರು' ಅಂತಲೇ ಅನ್ನುತ್ತೇವೆ. ನಾಗವಾರದಿಂದ ರಾಚೇನಹಳ್ಳಿ ಕೆರೆ ಕಡೆಗೆ ಹೋಗುವಾಗ ಈಗ ಕಣ್ಣಿಗೆ ಬೀಳುವುದು ಅಪಾರ್ಟ್‌ಮೆಂಟು. ಹಿಂದೆ ಬೆಂಗಳೂರು ಸುತ್ತಿನ ಹಳ್ಳಿಗಳಿಗೆಲ್ಲ ಗುಂಡುತೋಪು ಅಂತ ಒಂದಿರುತ್ತಿತ್ತು. ಹುಣಸೆ, ಮಾವು, ಹೊಂಗೆ, ಹಿಪ್ಪೆ, ನೇರಳೆ ಮರಗಳ ತೋಪು. ದನಕ್ಕೆ ನೆರಳು, ದಾರಿಹೋಕರಿಗೆ ತಂಗುವ ಜಾಗ, ಜಾತ್ರೆಗೆ ಗಾಡಿ ಬಿಡುವ ಬಯಲು. ಭೂಮಿ ಸರ್ಕಾರದ್ದು, ಉಪಯೋಗ ಊರಿನದು. ಬಿದ್ದ ಮರದ ಜಗಳಕ್ಕೆ ಮೂಲವೇ ಇದು.

ಇಂಗ್ಲೆಂಡಿನಲ್ಲಿ ನೀರಿನ ದಡದಲ್ಲಿ ವಿಲ್ಲೋ ಮರ ಬೆಳೆಯುತ್ತದೆ. ಕ್ರಿಕೆಟ್ ಬ್ಯಾಟು ಮಾಡುವುದು ಅದರದೇ ಒಂದು ಜಾತಿಯಿಂದ. ನಮ್ಮ ಮಲೆನಾಡಿನ ಹಳ್ಳದ ಅಂಚಿನಲ್ಲಿ ಅದರ ದಾಯಾದಿ ನೀರವಂಜಿ ಬೆಳೆಯುತ್ತದೆ. ಬಯಲುಸೀಮೆಯ ನಮಗೆ ವಿಲ್ಲೋ ಇಲ್ಲ, ಹುಣಸೆ ಇದೆ, ಆಲ ಇದೆ. ಆದ್ದರಿಂದ ಅವುಗಳ ಲೆಕ್ಕಕ್ಕೇ ಬರೋಣ.

ಮರ ಬಿದ್ದ ದಿನ ಮೊದಲು ಕೊಡಲಿ ಹಿಡಿದು ಬರುತ್ತಿದ್ದವರು ಸೌದೆಗೆ ಬರುವ ಬಡವರು. ಒಂದು ಬೆರಳಿನಿಂದ ಮುಂಗೈ ದಪ್ಪದವರೆಗಿನ ಕಡ್ಡಿ ಕೊಂಬೆ ಸಾಮಾನ್ಯವಾಗಿ ಹೊತ್ತವರದ್ದೇ. ಎಲೆ ಇದ್ದರೆ ಆಡು ಕುರಿಯವರು ಅದಕ್ಕೂ ಮೊದಲೇ ಹಾಜರ್. ತೊಡೆ ದಪ್ಪದ ಕೊಂಬೆಗೆ ಬಂದಾಗ ಪಟೇಲರು, ಶಾನುಭೋಗರು ಬಂದು ನಿಲ್ಲುತ್ತಿದ್ದರು. ದಿಮ್ಮಿಯನ್ನು ಹರಾಜು ಹಾಕಿ ದುಡ್ಡನ್ನು ಖಜಾನೆಗೆ ಕಟ್ಟಬೇಕು ಅನ್ನುವುದು ಕಾನೂನು. ನೇಗಿಲಿಗೆ, ನೊಗಕ್ಕೆ, ಗುಡಿಯ ಬಾಗಿಲಿಗೆ ಎರಡು ತುಂಡು ಉಳಿಸಿಕೊಳ್ಳಬೇಕು ಅನ್ನುವುದು ಊರಿನವರ ವಾದ. ಆಯಗಾರ ಪದ್ಧತಿಯಲ್ಲಿ ಬಡಗಿಗೆ ಕೂಲಿ ಸಿಗುತ್ತಿದ್ದದ್ದು ಸುಗ್ಗಿಯಲ್ಲಿ ಧಾನ್ಯವಾಗಿ. ಮರ ಒದಗಿಸುವ ಭಾರ ರೈತನದು. ಹೀಗಾಗಿ ಒಂದು ಜಾಲಿ ಮರ ಬಿದ್ದರೆ ಹತ್ತು ಮನೆಯ ನೇಗಿಲು ಚಿಂತೆ ತೀರುತ್ತಿತ್ತು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ ರದ್ದಾದ ಮೇಲೆ ಮರದ ಹತ್ತಿರ ನಿಲ್ಲುವ ಮನುಷ್ಯ ಬದಲಾದ, ವಾದ ಬದಲಾಗಲಿಲ್ಲ.

ಯಾವ ಮರ ಯಾತಕ್ಕೆ ಅನ್ನುವುದು ಹಿಂದಿನವರಿಗೆ ಬಾಯಿಪಾಠ. ಹುಣಸೆ ಚೇಗು ಕಲ್ಲಿನ ಹಾಗೆ, ಗಾಣಕ್ಕೆ, ಒನಕೆಗೆ, ಮಾಂಸ ಕಡಿಯುವ ಕೊರಡಿಗೆ. ಜಾಲಿ ಗಾಡಿ ಚಕ್ರಕ್ಕೆ. ಹಲಸು ಬಾಗಿಲು ಕಿಟಕಿಗೆ. ಮಾವು ಪೆಟ್ಟಿಗೆಗೆ, ಸೆಂಟ್ರಿಂಗ್ ಹಲಗೆಗೆ. ಆಲದ ಮರ ಹಲಗೆಗೆ ಬರುವುದಿಲ್ಲ ಅಂತ ತಾತ್ಸಾರ ಮಾಡುವವರಿದ್ದಾರೆ. ಆದರೆ ಅದು ನೀರಿನೊಳಗೆ ಬಹಳ ಕಾಲ ಬಾಳುತ್ತದೆ, ಅದಕ್ಕೇ ಬಾವಿಯ ತಳದ ಚೌಕಟ್ಟಿಗೆ ಹಾಕುತ್ತಿದ್ದರು. ಆಲದ ಬಿಳಲು ಕಾಂಡಕ್ಕಿಂತ ಗಟ್ಟಿ. ಡೇರೆ ಕಂಬಕ್ಕೆ, ಗಾಡಿಯ ನೊಗಕ್ಕೆ ಆಗುತ್ತಿತ್ತು. ಅರಳಿ, ಆಲವನ್ನು ಒಲೆಗೆ ಹಾಕಬಾರದು ಅಂತ ಬಹಳ ಮನೆಗಳಲ್ಲಿ ಕಟ್ಟಳೆ. ಹೋಮದ ಸಮಿತ್ತಿಗೆ ಮಾತ್ರ ಅರಳಿ ಕಡ್ಡಿ ಬೇಕು!

ಕುಯ್ಯುವ ಕೆಲಸಕ್ಕೆ ಗರಗಸದವರು ಬರುತ್ತಿದ್ದರು. ಆಳುದ್ದದ ಗುಂಡಿ ತೋಡಿ, ಮೇಲೆ ಅಡ್ಡಮರ ಇಟ್ಟು, ದಿಮ್ಮಿಯನ್ನು ಉರುಳಿಸಿ ಕೂರಿಸುವುದು. ಕಾಡಿಗೆ ಹಚ್ಚಿದ ದಾರವನ್ನು ಎಳೆದು ಚಿಮ್ಮಿಸಿದರೆ ನೇರ ಗೆರೆ. ಒಬ್ಬ ದಿಮ್ಮಿಯ ಮೇಲೆ ನಿಂತು ಗೆರೆ ನೋಡಿಕೊಂಡು ಮೇಲಕ್ಕೆ ಎಳೆಯುತ್ತಾನೆ, ಇನ್ನೊಬ್ಬ ಗುಂಡಿಯೊಳಗೆ ನಿಂತು ಕೆಳಕ್ಕೆ ಎಳೆಯುತ್ತಾನೆ. ಹೊಟ್ಟೆಲ್ಲ ಕೆಳಗಿನವನ ಕಣ್ಣಿಗೆ, ಬಾಯಿಗೆ. ಕೂಲಿ ಮಾತ್ರ ಇಬ್ಬರಿಗೂ ಸಮ ಆಗಬೇಕಾಗಿತ್ತು ಅಂತ ನನ್ನ ಅಭಿಪ್ರಾಯವಲ್ಲ, ಕೆಳಗಿನವನಿಗೆ ನಾಲ್ಕಾಣೆ ಹೆಚ್ಚೇ ಸಲ್ಲಬೇಕು.

ಈಗ ಸದಸ್ಯರು ಗಮನ ಕೊಟ್ಟು ಓದಬೇಕಾದ ವಿಷಯ ಅಳತೆ. ದುಂಡು ದಿಮ್ಮಿಯನ್ನು ಅಳೆಯಲು ನಮ್ಮ ಸಾಮಿಲ್ಲುಗಳಲ್ಲಿ ಬಳಕೆಯಲ್ಲಿದ್ದದ್ದು ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ ಎಂಬಾತ 1736ರಲ್ಲಿ ಪುಸ್ತಕ ಮಾಡಿಟ್ಟ ಲೆಕ್ಕ. ದಿಮ್ಮಿಯ ನಡುವಿನ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸು, ಬಂದದ್ದನ್ನು ಅದರಿಂದಲೇ ಗುಣಿಸು, ಆಮೇಲೆ ಉದ್ದದಿಂದ ಗುಣಿಸು. 12 ಅಡಿ ಸುತ್ತಳತೆ, 10 ಅಡಿ ಉದ್ದದ ದಿಮ್ಮಿ ಅಂದುಕೊಳ್ಳಿ. 12ರಲ್ಲಿ ನಾಲ್ಕನೇ ಒಂದು ಭಾಗ 3. ಮೂರು ಮೂರಲಿ ಒಂಬತ್ತು, ಒಂಬತ್ತು ಹತ್ತಲಿ 90 ಘನ ಅಡಿ. ಶಾಲೆಯಲ್ಲಿ ಕಲಿತ ವೃತ್ತದ ಲೆಕ್ಕ ಹಾಕಿದರೆ ಅದೇ ದಿಮ್ಮಿ ಸುಮಾರು 114 ಘನ ಅಡಿ ಬರುತ್ತದೆ. ಅಂದರೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಮರ ಲೆಕ್ಕಕ್ಕೇ ಬರಲಿಲ್ಲ. ಇದು ಮೋಸವಲ್ಲ, ದುಂಡನ್ನು ಚೌಕ ಮಾಡುವಾಗ ಹೋಗುವ ತೊಗಟೆ, ಸೆಬ್ಬೆಗೆ ಬಿಟ್ಟ ರಿಯಾಯ್ತಿ. ಆದರೆ ಆ ಸೆಬ್ಬೆ ಸೌದೆಯಾಗಿ ಮತ್ತೆ ಮಾರಾಟವಾಗುತ್ತಿತ್ತಲ್ಲ? ಕೊಂಡವನಿಗೆ ಲೆಕ್ಕ ಗೊತ್ತಿತ್ತು, ಮಾರಿದ ರೈತನಿಗೆ ಗೊತ್ತಿರಲಿಲ್ಲ. ಸೌದೆಯ ತೂಕದಲ್ಲೂ ಹೀಗೆಯೇ. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಮಾರುವವನು ಹಸಿಯಲ್ಲಿ ತೂಗಬೇಕು, ಕೊಳ್ಳುವವನು ಒಣಗಿದ ಮೇಲೆ ತೂಗಿಸಬೇಕು. 1904ರ ಕಾಯಿದೆ ಬಂದು 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಇಂಥ ಲೆಕ್ಕ ಗೊತ್ತಿಲ್ಲದೆ ಬಡ್ಡಿಗೆ ಸಿಕ್ಕವರಿಗಾಗಿಯೇ ತಾನೆ.

ಬಿದ್ದ ಮರ ಯಾರದ್ದು ಅನ್ನುವುದಕ್ಕೆ ನಮ್ಮ ನಾಡಿನಲ್ಲಿ ಅತಿ ಕಠಿಣ ಉತ್ತರ ಕೊಟ್ಟದ್ದು ಗಂಧದ ಮರ. ಟಿಪ್ಪು ಸುಲ್ತಾನ 1792ರಲ್ಲಿ ಅದನ್ನು ರಾಜವೃಕ್ಷ ಮಾಡಿದ ಎನ್ನುತ್ತಾರೆ. ಅಂದಿನಿಂದ ಮಹಾರಾಜರ ಕಾಲ, ಬ್ರಿಟಿಷರ ಕಾಲ, ಪ್ರಜಾಪ್ರಭುತ್ವದ ಕಾಲ ಎಲ್ಲ ಬಂದರೂ ರೈತನ ಹೊಲದ ಬದುವಿನಲ್ಲಿ ಎದ್ದ ಗಂಧ ಸರ್ಕಾರದ್ದೇ. ಗಾಳಿಗೆ ಬಿದ್ದರೂ ಅವನು ಮುಟ್ಟುವಂತಿಲ್ಲ. ಕಳವಾದರೆ ಜವಾಬು ಹೇಳಬೇಕಾದವನು ಮಾತ್ರ ಅವನೇ. ಗಿಡ ಎದ್ದರೆ ಕಾಣದಂತೆ ಕಿತ್ತು ಹಾಕುವ ಬುದ್ಧಿ ರೈತನಿಗೆ ಬಂದದ್ದರಲ್ಲಿ ಆಶ್ಚರ್ಯವೇನು? 2001ರಲ್ಲಿ ಅರಣ್ಯ ಕಾಯಿದೆಗೆ ತಿದ್ದುಪಡಿಯಾದ ಮೇಲೆ ಜಮೀನಿನವನೇ ಮರದ ಒಡೆಯನಾದ. ಗಂಧವನ್ನು ಬೇರೆ ಮರದಂತೆ ಬುಡಕ್ಕೆ ಕತ್ತರಿಸುವುದಿಲ್ಲ, ಬೇರು ಸಮೇತ ಅಗೆದು ತೆಗೆಯುತ್ತಾರೆ, ಏಕೆಂದರೆ ಬೇರಿನಲ್ಲೇ ಎಣ್ಣೆ ಹೆಚ್ಚು. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಹೋಗುತ್ತಿದ್ದ ಗಂಧ ನಿಂತುಹೋದಾಗ, 1916ರಲ್ಲಿ ನಮ್ಮ ಯಶವಂತಪುರದ ಪಕ್ಕದ ಟಾಟಾ ಇನ್ಸ್‌ಟಿಟ್ಯೂಟಿನಲ್ಲಿ ಎಣ್ಣೆ ಇಳಿಸುವುದನ್ನು ಕಂಡುಕೊಂಡು ಕೈಗಾರಿಕೆಗೆ ದಾರಿ ಮಾಡಿದರು.

ಬೇರೆ ಮರಗಳಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಇದೆ. ಸ್ವಂತ ಜಮೀನಿನ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸರ್ವೆ, ಸಿಲ್ವರ್, ಸುಬಾಬುಲ್, ತೆಂಗಿನಂಥವಕ್ಕೆ ಬೇಡ. ಇದರಲ್ಲಿ ನಮಗೆ ಉಪಯೋಗದ ಮಾತೊಂದಿದೆ: ಒಣಗಿದ, ರೋಗ ಹಿಡಿದ, ಗಾಳಿಗೆ ಬಿದ್ದ ಮರ ಅಂತ ಅಧಿಕಾರಿಗೆ ಮನವರಿಕೆಯಾದರೆ ಅನುಮತಿ ನಿರಾಕರಿಸುವಂತಿಲ್ಲ. ಜೀವಕ್ಕೆ, ಆಸ್ತಿಗೆ ಅಪಾಯ ತರುವ ಮರಕ್ಕೂ ಹಾಗೆಯೇ. ಬದಲಿಗೆ ಗಿಡ ನೆಡುವ ಹೊಣೆ ಇರುತ್ತದೆ. ಅನುಮತಿ ಕೊಡುವುದಿಲ್ಲ ಅಂತ ಹೆದರಿ ರಾತ್ರೋರಾತ್ರಿ ಸಾಗಿಸುವವರು ಸುಮ್ಮನೆ ತಪ್ಪಿತಸ್ಥರಾಗುತ್ತಾರೆ.

ಬೆಂಗಳೂರಿನ ಸುತ್ತ ಬಿದ್ದ ಮರಗಳಲ್ಲಿ ಎಲ್ಲರಿಗೂ ಗೊತ್ತಿರುವುದು ರಾಮೋಹಳ್ಳಿ ಹತ್ತಿರ ಕೇತೋಹಳ್ಳಿಯ ದೊಡ್ಡ ಆಲದ ಮರ. ಸುಮಾರು ನಾಲ್ಕು ನೂರು ವರ್ಷದ್ದು, ಮೂರು ಎಕರೆ ಹರಡಿದೆ. ಅದರ ತಾಯಿಬುಡ ರೋಗಕ್ಕೆ ಸಿಕ್ಕಿ ಹೋಗಿ ಎಷ್ಟೋ ವರ್ಷವಾಯಿತು. ಬಿಳಲುಗಳೇ ಕಾಂಡಗಳಾಗಿ ನಿಂತಿವೆ. ಹೊಸಬರಿಗೆ ಒಂದು ಮರವೋ ಒಂದು ತೋಪೋ ತಿಳಿಯುವುದಿಲ್ಲ. 2024ರ ಮಳೆಯಲ್ಲಿ ಅದರ ಒಂದು ಭಾಗ ಉರುಳಿತು. ಆ ವರ್ಷ ಜೂನ್ 2ರಂದು ನಗರದಲ್ಲಿ ಸುರಿದ 111 ಮಿಲಿಮೀಟರ್ ಮಳೆ 133 ವರ್ಷಗಳಲ್ಲಿ ಜೂನ್ ತಿಂಗಳ ಒಂದು ದಿನದ ಅತಿ ಹೆಚ್ಚಿನ ಮಳೆ. ನಮ್ಮ ಉತ್ತರಕ್ಕೆ ದೇವನಹಳ್ಳಿ ಬಳಿ ನಲ್ಲೂರಿನ 54 ಎಕರೆ ಹುಣಸೆ ತೋಪು ಇದೆ. 2007ರಲ್ಲಿ ಅದನ್ನು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು. ಹುಣಸೆ ಮಲಗಿದರೂ ಒಂದಿಷ್ಟು ಬೇರು ಮಣ್ಣಲ್ಲಿದ್ದರೆ ಚಿಗುರುತ್ತದೆ. ಬಿದ್ದ ಕೂಡಲೆ ಗರಗಸ ತರಬೇಡಿ ಅಂತ ಹಿರಿಯರು ಹೇಳುತ್ತಿದ್ದದ್ದು ಅದಕ್ಕೇ. ಬಿದ್ದ ಮರಗಳಲ್ಲಿ ಎಲ್ಲಕ್ಕಿಂತ ಹಿರಿದನ್ನು ನೋಡಬೇಕಾದರೆ ಲಾಲ್‌ಬಾಗಿಗೆ ಹೋಗಿ: ತಮಿಳುನಾಡಿನ ತಿರುವಕ್ಕರೈಯಿಂದ ತಂದ, ಎರಡು ಕೋಟಿ ವರ್ಷ ಹಿಂದೆ ಬಿದ್ದು ಕಲ್ಲಾದ ಮರ ಅಲ್ಲಿ ಮಲಗಿದೆ. ಅದೇ ಲಾಲ್‌ಬಾಗಿನಲ್ಲಿ ಈಚೆಗೆ ಬಿದ್ದ ಮರಗಳ ಕಾಂಡವನ್ನು ಶಿಲ್ಪಿಗಳಿಗೆ ಕೊಟ್ಟು ಕೆತ್ತಿಸಿದ್ದಾರೆ.

ಒಂದು ಮರ ಬಿದ್ದರೆ ಬೆಲೆ ಇರುತ್ತದೆ. ಲಕ್ಷಾಂತರ ಬಿದ್ದರೆ? 1987ರ ಅಕ್ಟೋಬರ್ 16ರ ಬೆಳಗಿನ ಜಾವ ದಕ್ಷಿಣ ಇಂಗ್ಲೆಂಡಿನಲ್ಲಿ ಒಂದೂವರೆ ಕೋಟಿ ಮರ ಉರುಳಿದವು. 2005ರ ಜನವರಿಯಲ್ಲಿ ಸ್ವೀಡನ್ನಿನಲ್ಲಿ ಗುಡ್ರುನ್ ಎಂಬ ಬಿರುಗಾಳಿ ಏಳೂವರೆ ಕೋಟಿ ಘನ ಮೀಟರ್ ಮರ ಕೆಡವಿತು, ಆ ದೇಶ ಒಂದು ವರ್ಷವಿಡೀ ಕಡಿಯುವಷ್ಟು. ಬಿದ್ದ ಮರ ಕಾಯುವುದಿಲ್ಲ. ಬೇಸಿಗೆ ಬಂದರೆ ಹುಳು, ಬೂಷ್ಟು. ಎಲ್ಲರೂ ಒಟ್ಟಿಗೆ ಮಾರಲು ಹೊರಟರೆ ಬೆಲೆ ನೆಲಕ್ಕೆ. ಅಲ್ಲಿ ಸಾವಿರಾರು ಸಣ್ಣ ಕಾಡಿನೊಡೆಯರು ಸೇರಿ ನಡೆಸುವ ಸೋದ್ರಾ ಎಂಬ ಸಹಕಾರ ಸಂಘವಿದೆ, ಸದಸ್ಯರ ಮರವನ್ನು ಕೊಂಡು ತನ್ನದೇ ಮಿಲ್ಲುಗಳಲ್ಲಿ ಕುಯ್ಯುತ್ತದೆ. ದಿಮ್ಮಿಗಳನ್ನು ಮೈಲಿಗಟ್ಟಲೆ ರಾಶಿ ಹಾಕಿ ಮೇಲೆ ಸದಾ ನೀರು ಚಿಮುಕಿಸುತ್ತ ವರ್ಷಗಟ್ಟಲೆ ಕಾಪಾಡಿದರು. ನೀರು ಕುಡಿದ ಮರಕ್ಕೆ ಹುಳು, ಬೂಷ್ಟು ಎರಡೂ ಹತ್ತುವುದಿಲ್ಲ. ಟೊಮ್ಯಾಟೊ ಬೆಲೆ ಬಿದ್ದಾಗ ರಸ್ತೆಗೆ ಸುರಿಯುವ ನಾವು ಇದನ್ನು ಒಮ್ಮೆ ಯೋಚಿಸಬಹುದು.

ಇಂದಿನ ನಮ್ಮ ಕಷ್ಟ ತಿರುಗುಮುರುಗು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಸೇತುರಾಮ ನೇಗಿನಹಾಳರು ನಗರದಲ್ಲಿ ಹದಿನೈದು ಲಕ್ಷದಷ್ಟು ಗಿಡ ನೆಡಿಸಿದರು. ದೊಡ್ಡವಾದ ಮೇಲೆ ಅವುಗಳ ಬುಡಕ್ಕೆ ನಾವು ಕಾಂಕ್ರೀಟು ಸುರಿದೆವು, ಚರಂಡಿಗೆ, ಕೇಬಲ್ಲಿಗೆ ಅಂತ ಒಂದು ಕಡೆಯ ಬೇರು ಕಡಿದೆವು. ಗಾಳಿ ಬಂದಾಗ ಬೀಳದೆ ಏನು ಮಾಡೀತು? ಬಿದ್ದ ಮರ ಈಗ ಯಾರಿಗೂ ಬೇಡ. ಮನೆಮನೆಗೆ ಗ್ಯಾಸು ಬಂದು ಸೌದೆ ಕೇಳುವವರಿಲ್ಲ. ಹಿಂದೆ ಮಧ್ಯಾಹ್ನದೊಳಗೆ ಮಾಯವಾಗುತ್ತಿದ್ದ ಕೊಂಬೆ ಈಗ ವಾರಗಟ್ಟಲೆ ಫುಟ್‌ಪಾತಿನಲ್ಲಿ ಬಿದ್ದಿರುತ್ತದೆ. ಆದಾಯ ಕೊಡುತ್ತಿದ್ದ ವಸ್ತುವಿಗೆ ಈಗ ಸಾಗಿಸಲು ನಾವೇ ದುಡ್ಡು ಕೊಡಬೇಕು.

ಕೈಗೆ ಸಿಕ್ಕ ಚೈನ್ ಗರಗಸ ಹಿಡಿದು ಹುಡುಗರು ನುಗ್ಗುವುದು ಹೆಚ್ಚಾಗಿದೆ, ಅದಕ್ಕೆ ಎರಡು ಮಾತು. ಮೊದಲು ಕರೆಂಟು ತೆಗೆಸಿದ್ದಾರೆಯೇ ವಿಚಾರಿಸಿ. ಸತ್ತಂತೆ ಕಾಣುವ ತಂತಿ ಸತ್ತಿರುವುದಿಲ್ಲ. ಬಾಗಿ ನಿಂತ ಕೊಂಬೆ ಎಂದರೆ ಎಳೆದ ಬಿಲ್ಲು. ಅದರ ಒಳಬಾಗಿನ, ಅದುಮಿಕೊಂಡ ಕಡೆ ಮೊದಲು ಸ್ವಲ್ಪ ಕುಯ್ದು, ಆಮೇಲೆ ಬಿಗಿದ ಕಡೆ ಮೆಲ್ಲಗೆ ಕುಯ್ಯಬೇಕು, ಅದು ಸಿಡಿಯುವ ದಾರಿಯಲ್ಲಿ ನಿಲ್ಲಬಾರದು. ಗರಗಸದ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಅದು ಕುಯ್ಯುವವನ ಮುಖದ ಕಡೆಗೇ ಎಗರುತ್ತದೆ. ಎಲ್ಲಕ್ಕಿಂತ ಅಪಾಯ ಬುಡದ್ದು. ಬೇರು ಸಮೇತ ಮಗುಚಿದ ಮರದ ಕಾಂಡವನ್ನು ಕತ್ತರಿಸಿದ ಕ್ಷಣ ಭಾರ ಇಳಿದು, ಮಣ್ಣು ಹಿಡಿದ ಬೇರಿನ ಚಕ್ರ ಧಡ್ ಅಂತ ಎದ್ದು ಹಳ್ಳಕ್ಕೆ ಕೂರಬಹುದು. ಆ ಹಳ್ಳದಲ್ಲಿ ಮಕ್ಕಳು ಆಡಿಕೊಂಡಿರುತ್ತಾರೆ.

ಬೊಡ್ಡೆಯನ್ನು ಹಿಂದೆ ಸುತ್ತ ಅಗೆದು, ಬೇರು ಕಡಿದು, ಹಗ್ಗ ಹಾಕಿ ಎತ್ತಿನಿಂದ ಎಳೆಸುತ್ತಿದ್ದರು. ಇಟ್ಟಿಗೆ ಗೂಡಿನವರೋ ಇದ್ದಿಲಿನವರೋ ಒಯ್ಯುತ್ತಿದ್ದರು. ಈಗ ಜೆ.ಸಿ.ಬಿ. ಒಂದು ಗಂಟೆಯಲ್ಲಿ ಕೀಳುತ್ತದೆ. ಖರ್ಚು ಉಳಿಸಲು ನೆಲಮಟ್ಟಕ್ಕೆ ಕತ್ತರಿಸಿ ಮೇಲೆ ಮಣ್ಣು ಮುಚ್ಚುವವರೂ ಉಂಟು. ಹಾಗೆ ಮುಚ್ಚಿದ ಜಾಗದಲ್ಲಿ ಬೇರು ಗೆದ್ದಲಿಗೆ ಆಹಾರವಾಗಿ, ಕೊಳೆತು, ಕೆಲವು ಮಳೆಗಾಲದ ನಂತರ ನೆಲ ಕುಸಿಯುತ್ತದೆ. ನಿವೇಶನ ಕೊಳ್ಳುವವರು ಅಲ್ಲಿ ಹಳೆಯ ಮರವೇನಾದರೂ ಇತ್ತೇ ಅಂತ ಪಕ್ಕದ ಮನೆಯ ಹಿರಿಯರನ್ನು ಒಂದು ಮಾತು ಕೇಳಿ, ಆಮೇಲೆ ಪಾಯ ತೋಡಿಸಿ.