ಅರಣಿ, ಚಕಮಕಿ, ಬೆಂಕಿಕಡ್ಡಿ

ಮಹಾಭಾರತದ ಯಕ್ಷಪ್ರಶ್ನೆಯ ಪ್ರಸಂಗವು ಎರಡು ಕಟ್ಟಿಗೆಯ ತುಂಡುಗಳಿಂದ ಮೊದಲಾಗುತ್ತದೆಂಬುದನ್ನು ಅನೇಕರು ಮರೆತಿರುವರು. ಬ್ರಾಹ್ಮಣನೊಬ್ಬನು ಮರಕ್ಕೆ ತೂಗಹಾಕಿದ್ದ ಅರಣಿಯು ಮೈಯುಜ್ಜಲು ಬಂದ ಜಿಂಕೆಯ ಕೊಂಬಿಗೆ ಸಿಕ್ಕಿಕೊಂಡಿತು, ಜಿಂಕೆಯು ಓಡಿತು. ತನ್ನ ಅಗ್ನಿಹೋತ್ರವು ಲೋಪವಾಗದಂತೆ ಅದನ್ನು ತಂದುಕೊಡಬೇಕೆಂದು ಆತನು ಬೇಡಲು, ಪಾಂಡವರೈವರೂ ಬೆನ್ನಟ್ಟಿ ಹೋದರು. ಕಡ್ಡಿ ಗೀರಿ ಒಲೆ ಹೊತ್ತಿಸುವವರಿಗೆ ಈ ಆತುರವು ವಿಚಿತ್ರವೆಂದು ತೋರಬಹುದು.

ಆದರೆ ಅರಣಿಯು ಕಾಡಿನಲ್ಲಿ ಕೈಗೆ ಸಿಕ್ಕಿದ ಕಟ್ಟಿಗೆಯಲ್ಲ. ಶಮೀವೃಕ್ಷದ ಮೇಲೆ ಬೆಳೆದ ಅಶ್ವತ್ಥದಿಂದ ಅದನ್ನು ಮಾಡಬೇಕೆಂಬುದು ವೈದಿಕವಿಧಿ. ಕೆಳಗಿನ ಹಲಗೆಯು ಅಧರಾರಣಿ, ಮೇಲಿನದು ಉತ್ತರಾರಣಿ. ಉತ್ತರಾರಣಿಯ ತುಂಡೊಂದನ್ನು ಕಡೆಗೋಲಿನ ತುದಿಗೆ ಸೇರಿಸಿ, ಅಧರಾರಣಿಯ ಕುಳಿಯಲ್ಲಿ ನಿಲ್ಲಿಸಿ, ಒಬ್ಬರು ಮೇಲಿನಿಂದ ಒತ್ತಿ ಹಿಡಿಯಲು, ಮತ್ತೊಬ್ಬರು ಮೊಸರು ಕಡೆಯುವಂತೆ ಹಗ್ಗವನ್ನೆಳೆಯುವರು. ಮರವು ತಿಕ್ಕಾಟದಿಂದ ಪುಡಿಯಾಗಿ, ಆ ಪುಡಿಯು ಕಪ್ಪಾಗಿ, ಹೊಗೆಯಾಡಿ, ಕಟ್ಟಕಡೆಗೆ ಅದರೊಳಗೊಂದು ಕಿಡಿಯು ಮೂಡುವುದು. ಆಗಲೂ ಜ್ವಾಲೆಯಿಲ್ಲ, ಒಣನಾರಿನಲ್ಲಿಟ್ಟು ಮೆಲ್ಲನೆ ಊದಬೇಕು. ಋಗ್ವೇದದ ಮೂರನೆಯ ಮಂಡಲದಲ್ಲಿ ಈ ಮಂಥನದ ವರ್ಣನೆಯುಂಟು. 1975ರಲ್ಲಿ ಕೇರಳದ ಪಾಂಜಾಳ್ ಗ್ರಾಮದಲ್ಲಿ ನಂಬೂದಿರಿಗಳು ನಡೆಸಿದ ಅಗ್ನಿಚಯನದಲ್ಲಿಯೂ ಅಗ್ನಿಯನ್ನು ಅರಣಿಯಿಂದಲೇ ಕಡೆದು ಪಡೆದರು.

ಲೋಕವ್ಯವಹಾರಕ್ಕೆ ಚಕಮಕಿಯು ಒದಗಿತು. ಗಟ್ಟಿಯಾದ ಕಲ್ಲಿಗೆ ಉಕ್ಕನ್ನು ತಾಗಿಸಿ ಹೊಡೆದರೆ ಕಿಡಿ ಹಾರುವುದಷ್ಟೆ. ಅಲ್ಲಿ ಉರಿಯುವುದು ಕಲ್ಲಲ್ಲ, ಕಲ್ಲಿನ ಅಂಚು ಕೆರೆದು ತೆಗೆದ ಉಕ್ಕಿನ ಕಣ. ಆ ಕಿಡಿಯನ್ನು ಹಿಡಿಯಲು ಅರೆಸುಟ್ಟ ಬಟ್ಟೆಯೋ ಒಣಗಿದ ಅರಳೆಯೋ ಸಿದ್ಧವಾಗಿರಬೇಕು. ತೇವ ತಗುಲಿದರೆ ಎರಡು ಉಪಾಯಗಳೂ ನಿಷ್ಫಲ.

ಹುಟ್ಟಿಸುವುದು ಇಷ್ಟು ಕಷ್ಟವಾಗಿದ್ದುದರಿಂದ, ಹುಟ್ಟಿದ ಬೆಂಕಿಯನ್ನು ಕಾಯುವುದೇ ಮನೆಯವರ ಜಾಣ್ಮೆಯಾಯಿತು. ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚುವರು. ಬೆಳಗ್ಗೆ ಕೆದಕಿ ಊದುವರು. ಆರಿಹೋಗಿದ್ದರೆ ನೆರೆಮನೆಯಿಂದ ಕೆಂಡ ತರುವರು. ಬೂದಿ ಮುಚ್ಚಿದ ಕೆಂಡವೆಂಬ ಮಾತು ನುಡಿಯಲ್ಲಿ ಉಳಿದಿದೆ; ಮುಚ್ಚುವ ಕೈಗಳು ವಿರಳವಾಗಿವೆ.

ಈ ಶ್ರಮವನ್ನು ನೀಗಿದುದು ಬೆಂಕಿಕಡ್ಡಿ. ಇಂಗ್ಲೆಂಡಿನ ಜಾನ್ ವಾಕರನು 1827ರಲ್ಲಿ ಗೀರುವ ಕಡ್ಡಿಗಳನ್ನು ಮಾರತೊಡಗಿದನು. ಕೆಲವೇ ವರ್ಷಗಳಲ್ಲಿ ಕಡ್ಡಿಯ ಮದ್ದಿಗೆ ಬಿಳಿಯ ರಂಜಕವು ಸೇರಿತು. ಅದರ ಹಬೆಯಿಂದ ಕಾರ್ಖಾನೆಯ ಆಳುಗಳ ದವಡೆಯೆಲುಬು ಕೊಳೆಯುತ್ತಿದ್ದಿತು. 1888ರಲ್ಲಿ ಲಂಡನ್ನಿನ ಹೆಣ್ಣಾಳುಗಳು ಮುಷ್ಕರ ಹೂಡಿದರು. 1906ರಲ್ಲಿ ಬರ್ನ್ ನಗರದಲ್ಲಿ ಹಲವು ರಾಷ್ಟ್ರಗಳು ಆ ರಂಜಕವನ್ನು ತ್ಯಜಿಸಲು ಒಡಂಬಟ್ಟುವು. ಭಾರತದಲ್ಲಿ 1913ರ ಕಾನೂನು ಅಂತಹ ಕಡ್ಡಿಗಳನ್ನು ನಿಷೇಧಿಸಿತು.

ಬೆಂಕಿಯು ಯಾವ ಕಾಲದಲ್ಲಿಯೂ ಅಗ್ಗವಾಗಿರಲಿಲ್ಲ. ಮನೆಯವರು ತಾವೇ ತೆರುತ್ತಿದ್ದ ಬೆಲೆಯನ್ನು ಕಡ್ಡಿಯ ಕಾಲದಲ್ಲಿ ಕಣ್ಣಿಗೆ ಕಾಣದವರು ತೆತ್ತರು. ಯಕ್ಷನು ಪ್ರಸನ್ನನಾಗಿ ವರವನ್ನು ಬೇಡೆಂದಾಗ ಧರ್ಮರಾಯನು ಮೊದಲು ಕೇಳಿದುದು ರಾಜ್ಯವನ್ನಲ್ಲ. ಆ ಬ್ರಾಹ್ಮಣನ ಅಗ್ನಿಯು ಕೆಡದಿರಲೆಂದು. ಮತ್ತೊಬ್ಬರ ಮನೆಯ ಬೆಂಕಿಯ ಬೆಲೆಯು ಆತನಿಗೆ ತಿಳಿದಿದ್ದಿತು.