ಮೋಟಾರ್ ಕಂಟ್ರೋಲರ್ ಬೋರ್ಡಿನ ಪಿನ್ ಹಂಚಿಕೆ: ವೈರಿಂಗ್‌ನಿಂದ ಕಡತದವರೆಗೆ

ಮೋಟಾರು ನಡೆಸುವ ಕಂಟ್ರೋಲರ್ ಬೋರ್ಡಿನಲ್ಲಿ ಇನ್‌ಪುಟ್ ಪಿನ್ನುಗಳು ಸ್ವಿಚ್ಚು, ಸೆನ್ಸರುಗಳ ಸ್ಥಿತಿಯನ್ನು ಓದುತ್ತವೆ. ಔಟ್‌ಪುಟ್ ಪಿನ್ನುಗಳು ಡ್ರೈವರಿಗೂ ರಿಲೇಗೂ ಆಜ್ಞೆ ಕಳಿಸುತ್ತವೆ. ಯಾವ ಪಿನ್ನಿಗೆ ಯಾವ ಕೆಲಸ ಎಂಬುದನ್ನು ಇಂದು ಕಡತವೊಂದರ ಕೆಲವು ಸಾಲುಗಳು ಗೊತ್ತುಮಾಡುತ್ತವೆ. 1960ರ ದಶಕದ ಕಾರ್ಖಾನೆಗಳಲ್ಲಿ ಆ ತೀರ್ಮಾನ ರಿಲೇ ಪ್ಯಾನೆಲ್ಲಿನ ವೈರಿಂಗ್‌ನಲ್ಲೇ ಇತ್ತು. ಕೆಲಸದ ಕ್ರಮ ಬದಲಾದರೆ ಪ್ಯಾನೆಲ್ ಬಿಚ್ಚಿ ಹೊಸದಾಗಿ ವೈರ್ ಎಳೆಯಬೇಕಿತ್ತು.

ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಹೈಡ್ರಮ್ಯಾಟಿಕ್ ವಿಭಾಗ 1968ರಲ್ಲಿ ಇದಕ್ಕೆ ಪರ್ಯಾಯ ಕೇಳಿತು. ಡಿಕ್ ಮಾರ್ಲಿ ಮತ್ತು ಸಂಗಡಿಗರು ಬೆಡ್‌ಫರ್ಡ್ ಅಸೋಸಿಯೇಟ್ಸ್ ಸಂಸ್ಥೆಯಲ್ಲಿ ಮಾಡಿಕಾನ್ 084 ರೂಪಿಸಿದರು. ಪಿಎಲ್‌ಸಿ ಎಂಬ ಪ್ರೋಗ್ರಾಮ್ ಮಾಡಬಹುದಾದ ಕಂಟ್ರೋಲರುಗಳ ಕಾಲ ಆರಂಭವಾಯಿತು. ಸ್ವಿಚ್ಚಿಗೂ ಮೋಟಾರಿಗೂ ನಡುವಿನ ಸಂಬಂಧ ಲ್ಯಾಡರ್ ಚಿತ್ರವಾಗಿ ಮೆಮೊರಿ ಸೇರಿತು. ಆದರೂ ಇನ್‌ಪುಟ್ ಮಾಡ್ಯೂಲ್ ಬೇರೆ, ಔಟ್‌ಪುಟ್ ಮಾಡ್ಯೂಲ್ ಬೇರೆಯಾಗಿದ್ದವು; ಟರ್ಮಿನಲ್ಲಿನ ದಿಕ್ಕನ್ನು ಪ್ರೋಗ್ರಾಮು ಬದಲಿಸುವಂತಿರಲಿಲ್ಲ.

ದಿಕ್ಕನ್ನೂ ಪ್ರೋಗ್ರಾಮಿಗೆ ಬಿಟ್ಟುಕೊಟ್ಟವು 1970ರ ದಶಕದ ಚಿಪ್‌ಗಳು. ಮೋಟೊರೋಲಾದ 6820ರಲ್ಲಿ ಒಂದೊಂದು ಪಿನ್ನಿನ ದಿಕ್ಕನ್ನೂ ಬೇರೆಬೇರೆಯಾಗಿ ನಿಗದಿ ಮಾಡಬಹುದಿತ್ತು. ಇಂಟೆಲ್‌ನ 8255ರಲ್ಲಿ 24 ಪಿನ್ನುಗಳು ಎ, ಬಿ, ಸಿ ಎಂಬ ಮೂರು ಪೋರ್ಟುಗಳಲ್ಲಿದ್ದವು. ಕಂಟ್ರೋಲ್ ವರ್ಡ್ ಆಗಿ 80 ಹೆಕ್ಸ್ ಬರೆದರೆ ಎಲ್ಲವೂ ಔಟ್‌ಪುಟ್, 9ಬಿ ಬರೆದರೆ ಎಲ್ಲವೂ ಇನ್‌ಪುಟ್. ರೀಸೆಟ್ ಆದ ಕ್ಷಣದಲ್ಲಿ ಮಾತ್ರ ಎಲ್ಲ ಪಿನ್ನುಗಳೂ ಇನ್‌ಪುಟ್ ಆಗಿಯೇ ಇರುತ್ತವೆ. ಪ್ರೋಗ್ರಾಮು ಓಡುವ ಮೊದಲೇ ಹೊರಗಿನ ಸರ್ಕಿಟ್ಟಿಗೆ ತಪ್ಪು ಆಜ್ಞೆ ಹೋಗದಿರಲಿ, ಎರಡು ಔಟ್‌ಪುಟ್‌ಗಳು ಎದುರಾಗಿ ಸುಡದಿರಲಿ ಎಂಬುದು ಇದರ ಉದ್ದೇಶ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ಮೈಕ್ರೊಪ್ರೊಸೆಸರ್ ಲ್ಯಾಬ್‌ಗಳಲ್ಲಿ ವಿದ್ಯಾರ್ಥಿಗಳು ಸ್ಟೆಪ್ಪರ್ ಮೋಟಾರು ತಿರುಗಿಸಲು ಕಲಿತದ್ದು ಇದೇ 8255ರ ಮೂಲಕ.

1981ರ ಐಬಿಎಂ ಪಿಸಿಯ ಪ್ರಿಂಟರ್ ಪೋರ್ಟು ಸಣ್ಣ ವರ್ಕ್‌ಶಾಪುಗಳ ಸಿಎನ್‌ಸಿಗೆ, ಅಂದರೆ ಕಂಪ್ಯೂಟರ್ ನಡೆಸುವ ಯಂತ್ರಗಳಿಗೆ, ದಾರಿಯಾಯಿತು. 25 ಪಿನ್ನುಗಳಲ್ಲಿ ಔಟ್‌ಪುಟ್ 12, ಇನ್‌ಪುಟ್ ಐದೇ. ನಾಲ್ಕು ಅಕ್ಷಗಳ ಸ್ಟೆಪ್ ಮತ್ತು ಡೈರೆಕ್ಷನ್ ಸಿಗ್ನಲ್‌ಗಳು ಎಂಟು ಡೇಟಾ ಪಿನ್ನುಗಳನ್ನು ತುಂಬುತ್ತಿದ್ದವು. ಇನ್‌ಪುಟ್‌ನ ಕೊರತೆಯಿಂದ ಎಲ್ಲ ಲಿಮಿಟ್ ಸ್ವಿಚ್ಚುಗಳನ್ನೂ ಸೀರೀಸ್‌ನಲ್ಲಿ ಜೋಡಿಸಿ ಒಂದೇ ಪಿನ್ನಿಗೆ ತರುವ ರೂಢಿ ಬಂತು. ಇವು ಸಾಮಾನ್ಯವಾಗಿ ಮುಚ್ಚಿರುವ ಬಗೆಯ ಸ್ವಿಚ್ಚುಗಳಾದ್ದರಿಂದ, ವೈರ್ ತುಂಡಾದರೂ ಯಂತ್ರ ನಿಲ್ಲುತ್ತಿತ್ತು. ಪಿಸಿ ಬೂಟ್ ಆಗುವಾಗ ಈ ಪೋರ್ಟಿನ ಪಿನ್ನುಗಳು ಅಡ್ಡಾದಿಡ್ಡಿ ಏರಿಳಿಯುತ್ತಿದ್ದವು. ಅದಕ್ಕೆಂದೇ ಚಾರ್ಜ್ ಪಂಪ್ ಸರ್ಕಿಟ್ ಬಂತು: ಸಾಫ್ಟ್‌ವೇರ್ ನಿಗದಿತ ಕಂಪನಾಂಕದ ಸಿಗ್ನಲ್ ಕಳಿಸುತ್ತಿದ್ದರೆ ಮಾತ್ರ ಡ್ರೈವರುಗಳಿಗೆ ಚಾಲನೆಯ ಅನುಮತಿ. ಮ್ಯಾಕ್3 ತಂತ್ರಾಂಶದಲ್ಲಿ ಪಿನ್ ಸಂಖ್ಯೆಗಳನ್ನು ಪರದೆಯ ಕೋಷ್ಟಕದಲ್ಲಿ ತುಂಬುತ್ತಿದ್ದರು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ ಇಎಂಸಿ ಯೋಜನೆಯಿಂದ ಬೆಳೆದ ಲಿನಕ್ಸ್‌ಸಿಎನ್‌ಸಿಯಲ್ಲಿ ಪಿನ್ನಿಗೂ ಸಿಗ್ನಲ್ಲಿಗೂ ಗಂಟು ಹಾಕಿದ್ದು ಹ್ಯಾಲ್ ಎಂಬ ಪದರದ ಪಠ್ಯ ಕಡತ.

2005ರಲ್ಲಿ ಆರ್ಡುಯಿನೊ ಬೋರ್ಡು, 2009ರಲ್ಲಿ ಅದರ ಮೇಲೆ ಓಡುವ ಸಿಮೆನ್ ಸ್ವಾಲೆ ಸ್ಕೊಗ್ಸ್‌ರುಡ್ ಅವರ ಗ್ರಬಲ್ ಫರ್ಮ್‌ವೇರ್ ಬಂದವು. ಗ್ರಬಲ್‌ನಲ್ಲಿ 2ರಿಂದ 4ನೇ ಪಿನ್ನು ಸ್ಟೆಪ್‌ಗೆ, 5ರಿಂದ 7 ಡೈರೆಕ್ಷನ್‌ಗೆ, 8 ಎನೇಬಲ್‌ಗೆ ಮೀಸಲು. ನಂತರದ ಆವೃತ್ತಿಗಳಲ್ಲಿ ಸ್ಪಿಂಡಲ್ ವೇಗವನ್ನು ಪಿಡಬ್ಲ್ಯುಎಂನಿಂದ ಹತೋಟಿಯಲ್ಲಿಡಬೇಕಾಯಿತು. ಆ ಸೌಲಭ್ಯ ಇದ್ದದ್ದು 11ನೇ ಪಿನ್ನಿನಲ್ಲಿ, ಸ್ಪಿಂಡಲ್ ಇದ್ದ 12ರಲ್ಲಿ ಅಲ್ಲ. ಹಾಗಾಗಿ ಸ್ಪಿಂಡಲ್ 11ಕ್ಕೆ ಬಂದು, ಝಡ್ ಅಕ್ಷದ ಲಿಮಿಟ್ 12ಕ್ಕೆ ಸರಿಯಿತು. ಆರ್ಡುಯಿನೊ ಮೇಲೆ ಕೂರಿಸುವ ಹಳೆಯ ಶೀಲ್ಡ್ ಬೋರ್ಡುಗಳ ಮೇಲಿನ ಮುದ್ರಿತ ಹೆಸರುಗಳು ಮಾತ್ರ ಹಾಗೆಯೇ ಉಳಿದವು. ಆ ಹೆಸರು ನಂಬಿ ವೈರ್ ಜೋಡಿಸಿದರೆ ಝಡ್ ಲಿಮಿಟ್ ಕೆಲಸ ಮಾಡುತ್ತಿರಲಿಲ್ಲ. ವೈರಿಂಗ್‌ನಲ್ಲಿ ಕಣ್ಣಿಗೆ ಕಾಣುತ್ತಿದ್ದ ತಪ್ಪು ಈಗ ಬೋರ್ಡಿಗೂ ಕಡತಕ್ಕೂ ನಡುವಿನ ಹೊಂದಾಣಿಕೆಗೆ ಸರಿದಿತ್ತು.

ಮೊದಲಿಗೆ ಪಿನ್ ಬದಲಿಸಿದಾಗಲೆಲ್ಲ ಫರ್ಮ್‌ವೇರನ್ನು ಮತ್ತೆ ಕಂಪೈಲ್ ಮಾಡಬೇಕಿತ್ತು. ಕ್ಲಿಪ್ಪರ್, ಫ್ಲೂಯಿಡ್‌ಎನ್‌ಸಿ ಎಂಬ ಫರ್ಮ್‌ವೇರ್‌ಗಳು ಆ ಹಂತವನ್ನೂ ತೆಗೆದು, ಪಿನ್ನಿನ ಸಂಖ್ಯೆ, ಪುಲ್‌ಅಪ್, ಸಿಗ್ನಲ್ಲಿನ ತಿರುವುಮುರುವು ಎಲ್ಲವನ್ನೂ ಸರಳ ಪಠ್ಯಕ್ಕೆ ತಂದವು. ಆದರೂ ಎಲ್ಲವೂ ಬರಹದ ಕೈಯಲ್ಲಿಲ್ಲ: ಫ್ಲೂಯಿಡ್‌ಎನ್‌ಸಿ ಓಡುವ ಇಎಸ್‌ಪಿ32 ಚಿಪ್ಪಿನ 34ರಿಂದ 39ರವರೆಗಿನ ಪಿನ್ನುಗಳು ಇನ್‌ಪುಟ್‌ಗೆ ಮಾತ್ರ ಬರುತ್ತವೆ, ಅವುಗಳಲ್ಲಿ ಆಂತರಿಕ ಪುಲ್‌ಅಪ್ ಕೂಡ ಇಲ್ಲದ್ದರಿಂದ ಲಿಮಿಟ್ ಸ್ವಿಚ್ಚಿಗೆ ಹೊರಗಿನಿಂದ ರೆಸಿಸ್ಟರ್ ಜೋಡಿಸಬೇಕು.